ಮನಸ್ಸಿನ ಕಾಯಿಲೆಗೂ ಒಬ್ಬ ಜಾಮೀನುದಾರ ಬೇಕು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಸದಸ್ಯೆಯೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದಂಥ ಸಂತೋಷದ ದಿನ ಮನಸ್ಸಿನ ಕಾಯಿಲೆಯ ಮಾತು ಯಾಕೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ಸಂಘ ಕಟ್ಟಿದವರಿಗೆ ಗೊತ್ತಿರುವ ಒಂದು ವಿಚಾರವನ್ನೇ ನಾನು ಬೇರೆ ಕಡೆಯಿಂದ ಹೇಳೋಕೆ ನಿಂತಿದ್ದೀನಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆ ಕಾಲದ ಬಡ ರೈತನನ್ನು ಯಾರೂ ನಂಬುತ್ತಿರಲಿಲ್ಲ. ಸಹಕಾರಿ ಪದ್ಧತಿಯಲ್ಲಿ ಅವನಿಗೆ ಜಾಮೀನು ನಿಂತವನು ಸಾಹುಕಾರನಲ್ಲ, ಅವನ ಹಾಗೇ ಉಳುವ ಪಕ್ಕದ ಹೊಲದವನು. ‘ಇವನ ಕಷ್ಟ ನನಗೆ ಗೊತ್ತು, ಇವನು ಎದ್ದು ನಿಲ್ತಾನೆ’ ಅಂತ ಹೇಳಬಲ್ಲವನು ಅವನೇ. ಮನಸ್ಸು ಮುರಿದು ಬಿದ್ದವರಿಗೂ ಅಂಥದೇ ಒಬ್ಬ ಜಾಮೀನುದಾರ ಬೇಕು. ಇದಿಷ್ಟೇ ನನ್ನ ಇವತ್ತಿನ ಮಾತು.

ನನ್ನ ವಿಚಾರ ಎರಡೇ ಮಾತಿನಲ್ಲಿ ಹೇಳಿ ಮುಂದೆ ಹೋಗ್ತೀನಿ. ಎರಡನೇ ಹೆರಿಗೆಯಾದ ಎರಡನೇ ವಾರಕ್ಕೆ ನನಗೆ ನಿದ್ದೆ ಹೋಯಿತು. ಯಾರೂ ಇಲ್ಲದ ಕಡೆ ಮಾತು ಕೇಳಿಸತೊಡಗಿತು. ಮಗುವನ್ನು ಯಾರೋ ಎತ್ತಿಕೊಂಡು ಹೋಗ್ತಾರೆ ಅನ್ನೋ ಭಯ. ಬಾಣಂತಿ ಸನ್ನಿ ಅಂದರು, ಗಾಳಿ ಸೋಕಿದೆ ಅಂದರು. ತಾಯತ ಆಯಿತು, ಹರಕೆ ಆಯಿತು, ಕೊನೆಗೆ ಆಸ್ಪತ್ರೆ ಆಯಿತು. ಮಾತ್ರೆಯಿಂದ ಮಾತು ಕೇಳಿಸೋದು ನಿಂತಿತು, ನಿದ್ದೆ ಬಂತು. ಆದರೆ ಮನೆಯಿಂದ ಹೊರಗೆ ಕಾಲಿಡೋಕೆ ಮುಖ ಇರಲಿಲ್ಲ. ಆಗ ಪಕ್ಕದ ಊರಿನ ಒಬ್ಬ ಹೆಂಗಸು ಬಂದು ಜಗಲಿ ಮೇಲೆ ಕೂತು, ‘ನಂಗೂ ಹಿಂಗೇ ಆಗಿತ್ತು ಕಣವ್ವ. ಈಗ ನೋಡು, ಎರಡು ಹಸ ಕಟ್ಟಿದ್ದೀನಿ’ ಅಂದರು. ಡಾಕ್ಟರು ‘ಗುಣ ಆಗುತ್ತೆ’ ಅಂದಾಗ ಕೇಳಿಸಿಕೊಂಡಿದ್ದೆ. ಅವರು ಅಂದಾಗ ನಂಬಿದೆ.

ಈಗ ಆ ಕೆಲಸವನ್ನು ನಾನೂ ಮಾಡ್ತಿದ್ದೀನಿ. ಇಂಥವರನ್ನು ಪೀರ್ ಸಪೋರ್ಟ್ ವರ್ಕರ್ ಅಂತ ಕರೀತಾರೆ. ನಮ್ಮ ಬಾಯಿಗೆ ಅದು ಒಗ್ಗೋದಿಲ್ಲ. ನಾನು ‘ಜೊತೆಗಾರ’ ಅಂತೀನಿ. ಆ ಕಾಯಿಲೆಯನ್ನು ತಾನೇ ಉಂಡು, ಸುಧಾರಿಸಿಕೊಂಡು, ತರಬೇತಿ ಪಡೆದು, ಇನ್ನೊಬ್ಬರ ಜೊತೆ ನಿಲ್ಲುವವರು ಜೊತೆಗಾರರು.

ನಮ್ಮ ಸೀಮೆಯ ಪರಿಸ್ಥಿತಿ ನಿಮಗೇ ಗೊತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಹೊಗೆಸೊಪ್ಪಿನ ತಾಲೂಕುಗಳು. ಈಗ ಸಾಲಿಗ್ರಾಮ, ಸರಗೂರು ಬೇರೆ ತಾಲೂಕುಗಳಾಗಿವೆ. ಸೊಪ್ಪು ಹದ ಮಾಡುವ ಕಾಲದಲ್ಲಿ ರಾತ್ರಿಯಿಡೀ ಬ್ಯಾರನ್ನಿನ ಬೆಂಕಿ ಕಾಯಬೇಕು. ಹರಾಜು ಕಟ್ಟೆಯಲ್ಲಿ ಬೆಲೆ ಬಿದ್ದರೆ ಇಡೀ ವರ್ಷದ ಸಾಲ ತಲೆ ಮೇಲೆ. 2015ರ ಬರಗಾಲದಲ್ಲಿ ರಾಜ್ಯದಲ್ಲಿ ಎಷ್ಟು ರೈತರು ಪ್ರಾಣ ಕಳೆದುಕೊಂಡರು ಅನ್ನೋದನ್ನು ನಾವು ಮರೆತಿಲ್ಲ. ಹಾಗಂತ ಸಾಲ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಸಾಲ ಇಲ್ಲದವರಿಗೂ ಬರುತ್ತದೆ. ಆದರೆ ನಿದ್ದೆಗೇಡು, ಕುಡಿತ, ಸಾಲದ ಅವಮಾನ ಒಂದಕ್ಕೊಂದು ಸೇರಿದಾಗ ಗಟ್ಟಿಯಾಗಿದ್ದ ಮನಸ್ಸೂ ಬಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ 100ಕ್ಕೆ 10ಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೀವ್ರ ಕಾಯಿಲೆ ಇದ್ದವರಲ್ಲೂ 100ಕ್ಕೆ 70ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಹಳ್ಳಿಗೆ ಚಿಕಿತ್ಸೆ ತರುವ ಪ್ರಯತ್ನ ನಡೆದಿಲ್ಲ ಅಂತಲ್ಲ. 1970ರ ದಶಕದಲ್ಲೇ ನಿಮ್ಹಾನ್ಸ್‌ನವರು ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಗ್ರಾಮೀಣ ಘಟಕ ತೆರೆದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ನೋಡಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಇದು ನಮ್ಮ ಕರ್ನಾಟಕದ ಹೆಮ್ಮೆ. 2014ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಮನೋಚೈತನ್ಯ ಕಾರ್ಯಕ್ರಮದಿಂದ ಮಂಗಳವಾರದ ದಿನ ತಾಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರನ್ನು ಕಾಣುವ ಏರ್ಪಾಡು ಬಂತು. ಹೊರಡುವ ಮುಂಚೆ ಯಾವ ಮಂಗಳವಾರ ಬರ್ತಾರೆ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಅದಕ್ಕೂ ಮೀರಿದ್ದಕ್ಕೆ ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ.

ಹೀಗೆ ಡಾಕ್ಟರು ತಾಲೂಕಿನವರೆಗೆ ಬಂದರು. ಮನೆಯಿಂದ ತಾಲೂಕಿನವರೆಗೆ ರೋಗಿಯನ್ನು ಕರೆದುಕೊಂಡು ಹೋಗುವವರು ಯಾರು? ಕಾಡಂಚಿನ ಹಾಡಿಯಿಂದ ಕೋಟೆಗೆ ಬಂದರೆ ಒಂದು ದಿನದ ಕೂಲಿ ಹೋಯಿತು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ಆದರೆ ನಾಚಿಕೆಗೆ ಫ್ರೀ ಟಿಕೆಟ್ ಇಲ್ಲ. ಜೊತೆಗಾರನ ಕೆಲಸ ಇಲ್ಲಿಂದ ಶುರು.

ಮೊದಲನೆಯದು ಕೂತು ಕೇಳುವುದು. ‘ಧೈರ್ಯ ತಗೋ, ಯೋಚನೆ ಮಾಡಬೇಡ’ ಅನ್ನೋದು ಸುಲಭ. ಯೋಚನೆ ಬಿಡೋಕೆ ಆಗಿದ್ದರೆ ಅವರೇ ಬಿಡ್ತಿರಲಿಲ್ಲವಾ? ಒಂದು ಮನೆಗೆ ನಾನು ನಾಲ್ಕು ಸಲ ಹೋದರೂ ಆ ಹುಡುಗ ಮುಖ ತಿರುಗಿಸಿಯೇ ಕೂತಿದ್ದ. ಐದನೇ ಸಲ, ‘ಅಕ್ಕ, ನಿಮಗೂ ಮಾತು ಕೇಳಿಸ್ತಿತ್ತಾ?’ ಅಂತ ಕೇಳಿದ. ಚಿಕಿತ್ಸೆ ಅಲ್ಲಿಂದ ಶುರುವಾಯಿತು.

ಎರಡನೆಯದು ಆಸ್ಪತ್ರೆಗೆ ಜೊತೆ ಹೋಗುವುದು. ಮಾತ್ರೆಯಿಂದ ಕೆಲವರಿಗೆ ಕೈ ನಡುಗುತ್ತೆ, ಮೈ ಬಿಗಿಯುತ್ತೆ, ಜೊಲ್ಲು ಸುರಿಯುತ್ತೆ, ತೂಕ ಏರುತ್ತೆ, ಹಗಲೆಲ್ಲ ಮಂಪರು. ಡಾಕ್ಟರ ಮುಂದೆ ಇದನ್ನು ಹೇಳೋಕೆ ಹಿಂಜರಿದು ಎಷ್ಟೋ ಜನ ಸುಮ್ಮನೆ ಮಾತ್ರೆ ನಿಲ್ಲಿಸಿಬಿಡ್ತಾರೆ, ಕಾಯಿಲೆ ಮರುಕಳಿಸುತ್ತೆ. ಹೇಳಿದರೆ ಡಾಕ್ಟರು ಪ್ರಮಾಣ ತಗ್ಗಿಸಬಹುದು, ಮಾತ್ರೆ ಬದಲಿಸಬಹುದು. ಆ ಮಾತನ್ನು ಹೇಳಿಸುವುದು ನಮ್ಮ ಕೆಲಸ. ಹಾಡಿಯ ಜೇನುಕುರುಬ ಅಜ್ಜಿಗೆ ಅವರದೇ ಮಾತು ಬಲ್ಲ ಜೊತೆಗಾರರಿದ್ದರೆ ಇನ್ನೂ ಒಳ್ಳೆಯದು.

ಮೂರನೆಯದು ಮನೆಯವರ ಜೊತೆ ಮಾತು. ವರ್ಷಗಟ್ಟಲೆ ನೋಡಿಕೊಂಡ ತಾಯಿಗೂ ಸುಸ್ತಾಗಿರುತ್ತೆ. ದೇವರಿಗೆ ಹರಕೆ ಹೊರುವುದನ್ನು ನಾವು ಬೇಡ ಅನ್ನುವುದಿಲ್ಲ. ಹರಕೆಯೂ ಇರಲಿ, ಮಾತ್ರೆಯೂ ತಪ್ಪದಿರಲಿ ಅಂತೀವಿ. ಕೆಲವು ಕಾಯಿಲೆಗಳಲ್ಲಿ ನಿದ್ದೆ ಕೆಟ್ಟರೆ ಕಾಯಿಲೆ ಕೆರಳುತ್ತೆ. ಅಂಥವರನ್ನು ರಾತ್ರಿ ಬ್ಯಾರನ್ ಕಾಯೋಕೆ ಕೂರಿಸಬೇಡಿ, ಹಗಲು ಸೊಪ್ಪು ಪೋಣಿಸಲಿ ಅಂತ ತಿಳಿ ಹೇಳ್ತೀವಿ. ಇದು ಯಾವ ಔಷಧಿ ಚೀಟಿಯಲ್ಲೂ ಇರುವುದಿಲ್ಲ. ನಮ್ಮ ಊರಿನ ಬದುಕು ಗೊತ್ತಿದ್ದವರು ಮಾತ್ರ ಹೇಳಬಹುದಾದದ್ದು.

ನಾಲ್ಕನೆಯದು, ಮತ್ತೆ ದುಡಿಮೆಗೆ ಹಚ್ಚುವುದು. ಒಂದು ಹಸುವಿಗೆ ಮೇವು ಹಾಕೋದು, ಡೈರಿಗೆ ಹಾಲು ತರೋದು. ಪಾಸ್‌ಬುಕ್ಕಿನಲ್ಲಿ ತನ್ನ ಹೆಸರಿನ ಮುಂದೆ ಲೀಟರು ಬರೆದದ್ದನ್ನು ನೋಡಿದವರ ಮುಖ ಹೇಗೆ ಬದಲಾಗುತ್ತೆ ಅನ್ನೋದನ್ನು ನಾನು ಕಂಡಿದ್ದೀನಿ.

ಜೊತೆಗಾರರು ಮಾಡಬಾರದ್ದೂ ಇದೆ. ನಾವು ಡಾಕ್ಟರಲ್ಲ. ಇಂಥದೇ ಕಾಯಿಲೆ ಅಂತ ಹೆಸರಿಡಬಾರದು. ಮಾತ್ರೆ ಹೆಚ್ಚುಕಮ್ಮಿ ಮಾಡಬಾರದು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಬಾರದು. ಇದಕ್ಕೆ ಒಂದೇ ವಿನಾಯಿತಿ. ಯಾರಾದರೂ ಸಾಯುವ ಮಾತಾಡಿದರೆ ಗುಟ್ಟು ಕಾಪಾಡುವ ಹೊತ್ತಲ್ಲ ಅದು. ಅವರನ್ನು ಒಂಟಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕದ ಡಬ್ಬಿ ಬೇರೆ ಕಡೆ ಸಾಗಿಸಿ. ‘ಸಾಯೋ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಂಡರೆ ಎದೆ ಹಗುರಾಗುತ್ತೆ. 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ, ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡ್ತಾರೆ. ವಿಷ ಕುಡಿದಿದ್ದರೆ ತಡ ಮಾಡದೆ 108.

ಓದು ಕಡಿಮೆ ಇರುವವರು ಇಂಥ ಕೆಲಸ ಮಾಡಬಲ್ಲರೇ ಅಂತ ಕೆಲವರು ಕೇಳ್ತಾರೆ. ಮಾಡಬಲ್ಲರು. ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡ ಅನ್ನೋ ಮನೋವೈದ್ಯರು 2006ರಿಂದ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಹೊರಗೆ ಒಂದು ಬೆಂಚು ಹಾಕಿ ಕೂರಿಸಿದರು. 2016ರಲ್ಲಿ ಪ್ರಕಟವಾದ, 573 ಜನರ ಮೇಲಿನ ಅಧ್ಯಯನದಲ್ಲಿ ಅಜ್ಜಿಯರ ಹತ್ತಿರ ಮಾತಾಡಿದವರ ಖಿನ್ನತೆ ಚೆನ್ನಾಗಿ ಇಳಿದಿತ್ತು. ನಮ್ಮ ದೇಶದಲ್ಲೇ ಗೋವಾ, ಮಹಾರಾಷ್ಟ್ರದ ಸತಾರಾ ಮತ್ತು ತಮಿಳುನಾಡಿನಲ್ಲಿ ಸ್ಕಿಜೋಫ್ರೀನಿಯಾ ಇದ್ದ 282 ಮಂದಿಯ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಡಾಕ್ಟರ ಚಿಕಿತ್ಸೆಯ ಜೊತೆಗೆ ತರಬೇತಾದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋದಾಗ ಫಲ ಸ್ವಲ್ಪ ಹೆಚ್ಚು ಸಿಕ್ಕಿತು. ಸ್ವಲ್ಪ ಅನ್ನೋದನ್ನು ಮುಚ್ಚಿಡಬಾರದು. ಇದು ಪವಾಡವಲ್ಲ, ದಿನದಿನದ ಕೆಲಸ. ಇವರೆಲ್ಲ ತರಬೇತಾದ ಸ್ಥಳೀಯರು. ಕಾಯಿಲೆಯನ್ನು ತಾವೇ ಅನುಭವಿಸಿದವರನ್ನು ಗುಜರಾತಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2014ರಿಂದ ನಡೆದ ಒಂದು ಯೋಜನೆಯಲ್ಲಿ ಜೊತೆಗಾರರಾಗಿ ತೊಡಗಿಸಿದರು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1999ರಿಂದಲೇ ಇಂಥವರ ಸೇವೆಗೆ ಸರ್ಕಾರಿ ಆರೋಗ್ಯ ಯೋಜನೆಯಿಂದ ಹಣ ಸಲ್ಲುತ್ತಿದೆ. ನಮ್ಮಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ವೈದ್ಯರು ಕನ್ನಡದಲ್ಲೇ ಪುಸ್ತಕ ಬರೆದು, ಸಾಮಾನ್ಯ ಜನರಿಗೂ ಆಪ್ತಸಲಹೆಯ ತರಬೇತಿ ಕೊಟ್ಟು ದಾರಿ ತೋರಿಸಿದ್ದಾರೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿ ಪಟ್ಟಿಯಲ್ಲಿ ಮನೋವೈದ್ಯರಿದ್ದಾರೆ, ಮನಶ್ಶಾಸ್ತ್ರಜ್ಞರಿದ್ದಾರೆ, ಸಮಾಜ ಕಾರ್ಯಕರ್ತರಿದ್ದಾರೆ, ನರ್ಸ್ ಇದ್ದಾರೆ. ಕಾಯಿಲೆ ಉಂಡವರಿಗೆ ಅಂತ ಒಂದು ಜಾಗ ಇಲ್ಲ. ಆದರೆ ದಾರಿ ಇಲ್ಲದೆ ಇಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವಿ.ಆರ್.ಡಬ್ಲ್ಯೂ. ಅಂತ ಇದ್ದಾರಲ್ಲ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅವರು ಸ್ವತಃ ಅಂಗವಿಕಲರು. ಅಂಗವಿಕಲರ ಕಷ್ಟ ಅಂಗವಿಕಲರಿಗೇ ಗೊತ್ತು ಅಂತ ಸರ್ಕಾರ ಒಪ್ಪಿಕೊಂಡ ಮೇಲೆ, ಮನಸ್ಸಿನ ಕಾಯಿಲೆಗೂ ಆ ನ್ಯಾಯ ಬೇಕಲ್ಲವೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ.

ಕಾನೂನಿನ ಮಾತು ಬಂದಿದ್ದರಿಂದ ಇನ್ನೊಂದೆರಡು ಹೇಳಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿ ಹಾಕಿದ್ದ ಕಾರಣ ಓಡಲಾಗದೆ 25ಕ್ಕೂ ಹೆಚ್ಚು ಮನೋರೋಗಿಗಳು ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಿ ಅವರಿಗೆ ಆರೈಕೆ ಕೊಡಬೇಕು ಅಂದಿದೆ.

ಇನ್ನು ನಮ್ಮ ಸಂಘಕ್ಕೆ ನೇರವಾಗಿ ತಗಲುವ ಮಾತು. ‘ಅವನಿಗೆ ತಲೆ ಸರಿ ಇಲ್ಲ, ಅವನಿಗೆ ಸದಸ್ಯತ್ವ ಹೇಗೆ ಕೊಡೋದು, ಸಾಲ ಹೇಗೆ ಕೊಡೋದು’ ಅಂತ ಅನೇಕ ಊರುಗಳಲ್ಲಿ ಕೇಳಿದ್ದೀನಿ. ಸಹಕಾರ ಸಂಘಗಳ ಕಾಯ್ದೆ ಸದಸ್ಯನಿಗೆ ಕರಾರು ಮಾಡುವ ಅರ್ಹತೆ ಇರಬೇಕು ಅನ್ನುತ್ತದೆ. ಹೌದು. ಆದರೆ 1872ರ ಕರಾರು ಕಾಯ್ದೆ ನೋಡುವುದು ಕರಾರು ಮಾಡುವ ಹೊತ್ತಿನಲ್ಲಿ ಅವನಿಗೆ ತಿಳಿವಳಿಕೆ ಇದೆಯೇ ಅನ್ನೋದನ್ನು. ಹಿಂದೆ ಯಾವಾಗಲೋ ಆಸ್ಪತ್ರೆಗೆ ಹೋಗಿದ್ದ ಅನ್ನೋದನ್ನಲ್ಲ. 2017ರ ಕಾಯ್ದೆಯೂ ಸ್ಪಷ್ಟವಾಗಿ ಹೇಳಿದೆ: ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ, ಕೋರ್ಟು ಹಾಗೆ ಹೇಳದ ಹೊರತು, ಬುದ್ಧಿಸ್ವಾಧೀನವಿಲ್ಲದವರು ಅಂತ ತೀರ್ಮಾನಿಸುವಂತಿಲ್ಲ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನಾಲ್ಕು ಬೇಡಿಕೆ ಇಡ್ತೀನಿ.

ಒಂದು, ಗುಣಮುಖರಾದವರಿಗೆ ಅವರದೇ ಹೆಸರಿನಲ್ಲಿ ಸದಸ್ಯತ್ವ, ಅವರದೇ ಪಾಸ್‌ಬುಕ್. ಅಣ್ಣನ ಹೆಸರಿನಲ್ಲಲ್ಲ, ಮಾವನ ಹೆಸರಿನಲ್ಲಲ್ಲ.

ಎರಡು, ಬೆಳಿಗ್ಗೆ ಸಂಜೆ ಎರಡು ಹೊತ್ತು ಊರಿನ ಮನೆಗಳ ಸುದ್ದಿ ತಿಳಿಯುವ ಜಾಗ ನಮ್ಮ ಡೈರಿ. ಒಂದು ಮನೆಯ ಹಾಲು ಕಾರಣವಿಲ್ಲದೆ ನಾಲ್ಕು ದಿನ ನಿಂತರೆ ಅದು ಮೊದಲು ಕಾಣುವುದು ಹಾಲು ಅಳೆಯುವವರಿಗೆ. ಹಸು ಬತ್ತಿತೋ, ಮನೆಯವರ ಮನಸ್ಸು ಬತ್ತಿತೋ ಅಂತ ಒಂದು ಮಾತು ವಿಚಾರಿಸಿ. ಆಶಾ ಕಾರ್ಯಕರ್ತೆಗೋ, ನಮಗೋ ತಿಳಿಸಿ.

ಮೂರು, ತಿಂಗಳಿಗೆ ಒಂದು ಮಧ್ಯಾಹ್ನ ಸಂಘದ ಕೊಠಡಿಯನ್ನು ಕಾಯಿಲೆಯವರೂ ಅವರ ಮನೆಯವರೂ ಕೂತು ಮಾತಾಡೋಕೆ ಬಿಟ್ಟುಕೊಡಿ. ಬಾಗಿಲ ಮೇಲೆ ಬೋರ್ಡು ಬೇಡ.

ನಾಲ್ಕು, ಜೊತೆಗಾರರ ಕೆಲಸಕ್ಕೆ ಗೌರವಧನ ಇರಲಿ. ನಮ್ಮ ಜನ ಸೇವೆ ಅಂದ ಕೂಡಲೇ ಬಿಟ್ಟಿ ಅಂದುಕೊಳ್ತಾರೆ. ಬೇರೆಯವರ ನೋವು ಕೇಳಿ ಬಂದವರಿಗೆ ಅವತ್ತು ರಾತ್ರಿ ನಿದ್ದೆ ಬರದೇ ಹೋಗಬಹುದು. ಅವರಿಗೂ ಮಾತ್ರೆ ಇದೆ, ಮಕ್ಕಳಿದ್ದಾರೆ, ಕೂಲಿ ಇದೆ. ಬಸ್ಸಿನ ಖರ್ಚು, ದಿನದ ಕೂಲಿಯಾದರೂ ಸಿಕ್ಕರೆ ಈ ಕೆಲಸ ನಿಲ್ಲುತ್ತೆ. ಇಲ್ಲದಿದ್ದರೆ ಎರಡು ವರ್ಷಕ್ಕೆ ಅವರೇ ಸೋತು ಮನೆ ಸೇರ್ತಾರೆ. ಲಾಭದಲ್ಲಿ ಒಂದು ಸಣ್ಣ ಪಾಲನ್ನು ಇದಕ್ಕೆ ಎತ್ತಿಡಬಹುದೇ ಅಂತ ಸರ್ವಸದಸ್ಯರ ಸಭೆಯಲ್ಲಿ ಚರ್ಚೆಗೆ ಇಡಿ ಅಂತ ಕೇಳಿಕೊಳ್ತೀನಿ.

ಊರಿನವರಲ್ಲಿ ಒಂದೇ ವಿನಂತಿ. ‘ಹುಚ್ಚ’, ‘ಹುಚ್ಚಿ’ ಅನ್ನೋ ಮಾತು ಬಿಡಿ. ಸಕ್ಕರೆ ಕಾಯಿಲೆ ಇದ್ದವರನ್ನು ನಾವು ಹೆಸರಿಟ್ಟು ಕರೆಯುತ್ತೇವೆ, ಕಾಯಿಲೆಯಿಟ್ಟು ಕರೆಯೋದಿಲ್ಲ. ಇವರನ್ನೂ ಹೆಸರು ಹಿಡಿದು ಕರೆಯಿರಿ, ಮದುವೆ ಮನೆಗೂ ಕರೆಯಿರಿ.

ಇಪ್ಪತ್ತೈದು ವರ್ಷದಲ್ಲಿ ಈ ಸಂಘ ಒಂದೊಂದೇ ಲೀಟರು ಕೂಡಿಸಿ ಇಷ್ಟು ದೊಡ್ಡದಾಗಿದೆ. ಮುಂದಿನ ಇಪ್ಪತ್ತೈದರಲ್ಲಿ ಮನೆಯ ಕತ್ತಲಲ್ಲಿ ಕೂತ ಒಬ್ಬೊಬ್ಬರನ್ನೇ ಡೈರಿ ಬಾಗಿಲಿಗೆ ಕರೆತರೋಣ. ಸುವರ್ಣ ಮಹೋತ್ಸವದ ಪಟ್ಟಿಯಲ್ಲಿ ಅವರ ಹೆಸರೂ ಸದಸ್ಯರೆಂದೇ ಅಚ್ಚಾಗಲಿ.  ಸಹಕಾರ ಚಳುವಳಿಗೆ ಜಯವಾಗಲಿ.