ತಾಮ್ರ: ಗಣಿ ಯಾರದು, ಬೆಲೆ ಯಾರದು?



ಬೇಸಿಗೆಯಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ರೈತರು ಅದನ್ನು ಪೇಟೆಯ ರಿವೈಂಡಿಂಗ್ ಅಂಗಡಿಗೆ ಒಯ್ಯುವುದನ್ನು ನೀವು ನೋಡಿರಬಹುದು. ಅಲ್ಲಿ ಸುಟ್ಟ ಸುರುಳಿಯನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುತ್ತಾರೆ. ಹಳೆಯ ತಂತಿ ಕಸವಾಗುವುದಿಲ್ಲ. ಅದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಹೊಸ ತಂತಿಯ ದರ ಏಕೆ ಹೆಚ್ಚಿತೆಂದು ಕೇಳಿದರೆ "ಮಾರ್ಕೆಟ್ ಏರಿದೆ" ಎನ್ನುತ್ತಾರೆ. ಆ ಮಾರ್ಕೆಟ್ ಎಲ್ಲಿದೆ? ಗಣಿ ಇರುವ ಊರಿನಲ್ಲಿಯೇ?

ಇಲ್ಲ. 1877ರಲ್ಲಿ ಸ್ಥಾಪನೆಯಾದ ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ಪ್ರತಿದಿನ ತಾಮ್ರದ ದರ ನಿಗದಿಯಾಗುತ್ತದೆ. ಮೂರು ತಿಂಗಳ ಮುಂದಿನ ಖರೀದಿಗೆ ಇಂದೇ ದರ ಗೊತ್ತುಮಾಡುವ ಪದ್ಧತಿಯೂ ಅಲ್ಲಿದೆ. ಚಿಲಿಯಿಂದ ತಾಮ್ರ ಹೊತ್ತ ಹಡಗು ಇಂಗ್ಲೆಂಡ್ ತಲುಪಲು ಆಗ ಸುಮಾರು ಅಷ್ಟೇ ಕಾಲ ಹಿಡಿಯುತ್ತಿತ್ತು. ಇಂದು ನ್ಯೂಯಾರ್ಕ್ ಮತ್ತು ಶಾಂಘೈ ಪೇಟೆಗಳ ಪ್ರಭಾವವೂ ದರದ ಮೇಲಿದೆ.

ಇದರಿಂದ ಗಣಿಯ ದೇಶಕ್ಕೆ ಏನಾಗುತ್ತದೆ? ಆಫ್ರಿಕಾದ ಜಾಂಬಿಯಾವನ್ನು ನೋಡೋಣ. 1964ರ ಅಕ್ಟೋಬರ್ 24ರಂದು ಅದು ಸ್ವತಂತ್ರವಾದಾಗ ಅಲ್ಲಿದ್ದ ಪದವೀಧರರು ಸುಮಾರು ನೂರು ಮಂದಿ ಮಾತ್ರ. ಆದರೆ ನೆಲದಡಿ ತಾಮ್ರವಿತ್ತು. ರಫ್ತಿನ ಆದಾಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದರದೇ. ಆ ಹಣದಿಂದ ಶಾಲೆ, ಆಸ್ಪತ್ರೆ, ರಸ್ತೆಗಳು ಬಂದವು. 1966ರಲ್ಲಿ ದೇಶದ ಮೊದಲ ವಿಶ್ವವಿದ್ಯಾನಿಲಯ ತೆರೆಯಿತು. 1969ರಲ್ಲಿ ಅಧ್ಯಕ್ಷ ಕೆನೆತ್ ಕೌಂಡಾ ಅವರು ವಿದೇಶಿ ಗಣಿ ಕಂಪನಿಗಳ ಶೇಕಡ 51 ಪಾಲನ್ನು ಸರ್ಕಾರ ವಹಿಸಿಕೊಳ್ಳುವುದೆಂದು ಘೋಷಿಸಿದರು.

ಗಣಿ ಕೈಗೆ ಬಂತು. ಬೆಲೆ ಕೈಗೆ ಬರಲಿಲ್ಲ. 1974ರ ಏಪ್ರಿಲ್‌ನಲ್ಲಿ ಟನ್ನಿಗೆ ಸುಮಾರು 1,400 ಪೌಂಡ್ ಇದ್ದ ದರ ಅದೇ ವರ್ಷದ ಕೊನೆಗೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಅದೇ ಹೊತ್ತಿಗೆ ಪೆಟ್ರೋಲಿಯಂ ಬೆಲೆ ಏರಿತ್ತು. ಸರ್ಕಾರ ಸಾಲ ಮಾಡಿತು. ಹಳೆಯದಾದ ಯಂತ್ರಗಳಿಗೆ ಹಣ ಸಾಲದಾಯಿತು. 1969ರಲ್ಲಿ 7 ಲಕ್ಷ ಟನ್ನಿಗೂ ಮಿಕ್ಕಿದ್ದ ಉತ್ಪಾದನೆ 2000ದ ವೇಳೆಗೆ ಸುಮಾರು ಎರಡೂವರೆ ಲಕ್ಷಕ್ಕೆ ಕುಸಿಯಿತು. ಗಣಿಗಳು ಮತ್ತೆ ಖಾಸಗಿಯವರ ಪಾಲಾದವು.

ತೈಲ ರಾಷ್ಟ್ರಗಳಂತೆ ತಾಮ್ರದ ದೇಶಗಳು ಒಗ್ಗೂಡಬಾರದಿತ್ತೇ ಎಂದು ನೀವು ಕೇಳಬಹುದು. ಒಗ್ಗೂಡಿದ್ದವು. ಚಿಲಿ, ಪೆರು, ಜಾಂಬಿಯಾ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ 1967ರಲ್ಲಿ ಒಂದು ಸಂಘಟನೆ ಕಟ್ಟಿ, ಬೆಲೆ ಬಿದ್ದಾಗ ಉತ್ಪಾದನೆಯನ್ನು ತಗ್ಗಿಸಲು ನೋಡಿದವು. ಫಲ ಸಿಗಲಿಲ್ಲ. ಉರಿದ ಎಣ್ಣೆ ಮರಳಿ ಬಾರದು; ತಾಮ್ರವನ್ನಾದರೋ ಎಷ್ಟು ಬಾರಿಯಾದರೂ ಕರಗಿಸಬಹುದು. ರೈತರ ಮೋಟಾರಿನಿಂದ ಬಿಚ್ಚಿದ ಹಳೆಯ ತಂತಿಯೂ ಗಣಿಗೆ ಪ್ರತಿಸ್ಪರ್ಧಿಯೇ! ಜೊತೆಗೆ ಅಮೆರಿಕ, ಕೆನಡಾಗಳ ಗಣಿಗಳು ಸಂಘಟನೆಯ ಹೊರಗಿದ್ದವು. ತಾಮ್ರ ತುಟ್ಟಿಯಾದರೆ ವಿದ್ಯುತ್ ತಂತಿಗೆ ಅಲ್ಯೂಮಿನಿಯಂ ಸಿದ್ಧವಾಗಿತ್ತು.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಪ್ರಪಂಚದ ಗಣಿ ತಾಮ್ರದಲ್ಲಿ ಸುಮಾರು ಕಾಲುಭಾಗ ಕೊಡುವ ಚಿಲಿ, ಬೆಲೆ ಏರಿದ ವರ್ಷಗಳ ಆದಾಯದಲ್ಲಿ ಒಂದಂಶವನ್ನು ನಿಧಿಯಾಗಿ ಕೂಡಿಟ್ಟಿತು. ಜಗತ್ತಿನ ಆರ್ಥಿಕ ಮುಗ್ಗಟ್ಟಿನ ಹೊತ್ತಿಗೆ, 2009ರಲ್ಲಿ, ಆ ನಿಧಿ ಕೈಹಿಡಿಯಿತು. ಸುಗ್ಗಿಯಲ್ಲಿ ಕಣಜ ತುಂಬಿಕೊಳ್ಳುವ ನಮ್ಮ ಹಿರಿಯರ ವಿವೇಕವೇ ಇದು.

ನಮ್ಮಲ್ಲಿ ರಾಜಸ್ಥಾನದ ಖೇತ್ರಿ, ಮಧ್ಯಪ್ರದೇಶದ ಮಲಾಂಜ್‌ಖಂಡ್‌ಗಳಲ್ಲಿ ತಾಮ್ರದ ಗಣಿಗಳಿವೆ. ಆದರೂ ನಮ್ಮ ಕಾರ್ಖಾನೆಗಳು ಕರಗಿಸುವ ಅದಿರಿನ ಬಹುಪಾಲು ಹೊರದೇಶಗಳದು. ಆದ್ದರಿಂದ ಪರದೇಶದ ಪೇಟೆ ಅಲುಗಿದರೆ ಅದರ ಬಿಸಿ ನಮ್ಮ ರೈತರಿಗೂ ತಟ್ಟುತ್ತದೆ.

ಮುಂದೆ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ತಾಮ್ರದ ದರ ಕಂಡಾಗ ಅದು ಬರಿಯ ಅಂಕಿಯೆಂದು ಪುಟ ತಿರುಗಿಸಬೇಡಿ. ಎಲ್ಲೋ ಒಂದು ದೇಶದ ಶಾಲೆ ತೆರೆಯುವುದೂ ಮುಚ್ಚುವುದೂ ಆ ಅಂಕಿಯಲ್ಲಿ ಅಡಗಿರಬಹುದು.