ಠಾಣೆಗೆ ಬಂದ ಜೋರ್ಡಾನಸ್



ಠಾಣೆಯ ವರ್ತಕ ನಗರದಲ್ಲಿ ಬಾಳುವ ನಮಗೆ ಈ ಊರೆಂದರೆ ಲೋಕಲ್ ಗಾಡಿಯ ನೂಕುನುಗ್ಗಲು, ಘೋಡ್‌ಬಂದರ್ ರಸ್ತೆಯ ವಾಹನದಟ್ಟಣೆ. ಒಂದು ಕಾಲಕ್ಕೆ ಇದು ಹೆಸರಾಂತ ಬಂದರು. ಇಲ್ಲಿ ಆಳಿದ ಶಿಲಾಹಾರರ ಶಾಸನಗಳಲ್ಲಿ ಇದು ಶ್ರೀಸ್ಥಾನಕ. ಆ ಶಿಲಾಹಾರರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರು.

1321ರಲ್ಲಿ ಇಲ್ಲಿಗೆ ಐವರು ಕ್ರೈಸ್ತ ಸಂನ್ಯಾಸಿಗಳು ಬಂದಿಳಿದರು. ಕೊಲ್ಲಂಗೆ ಹೊರಟವರನ್ನು ಹಡಗು ಠಾಣೆಗೆ ತಂದು ಬಿಟ್ಟಿತ್ತು. ನಾಲ್ವರು ಫ್ರಾನ್ಸಿಸ್ಕನ್ ಪಂಥದವರು, ಐದನೆಯವರು ಫ್ರಾನ್ಸಿನ ಸೆವೆರಾಕ್‌ನ ಡೊಮಿನಿಕನ್, ಜೋರ್ಡಾನಸ್. ಪರ್ಷಿಯನ್ ಬಲ್ಲ ಜೋರ್ಡಾನಸ್ ಗುಜರಾತಿನ ಭರೂಚ್ ಕಡೆ ಹೊರಟರು. ಅಷ್ಟರಲ್ಲಿ, ಉಳಿದ ನಾಲ್ವರಿಗೆ ಆಶ್ರಯ ಕೊಟ್ಟಿದ್ದ ಮನೆಯ ಗಂಡ ಹೆಂಡತಿಯ ಜಗಳ ಖಾಜಿಯವರೆಗೆ ಹೋಯಿತು. ಸಾಕ್ಷಿಗೆ ಕರೆಸಿದ ಸಂನ್ಯಾಸಿಗಳ ಜೊತೆ ಧರ್ಮದ ವಾದ ಎದ್ದಿತು, ಬೆಳೆಯಿತು, ಏಪ್ರಿಲ್ ತಿಂಗಳಲ್ಲಿ ನಾಲ್ವರ ಕೊಲೆಯಲ್ಲಿ ಮುಗಿಯಿತು. ಹಿಂದಿರುಗಿದ ಜೋರ್ಡಾನಸ್ ಗೆಳೆಯರ ದೇಹಗಳನ್ನು ಸೋಪಾರಾಕ್ಕೆ, ನಮ್ಮ ಇಂದಿನ ನಾಲಾಸೋಪಾರಾಕ್ಕೆ, ಒಯ್ದು ಮಣ್ಣು ಮಾಡಿದರು.

ಆಮೇಲೆ ಅವರು ಒಂಟಿ. 1324ರ ಜನವರಿಯಲ್ಲಿ ಠಾಣೆಯಿಂದ ಬರೆದ ಪತ್ರದಲ್ಲಿ ಕಡಲುಗಳ್ಳರ ಸೆರೆ, ಬಂದೀಖಾನೆ, ಬೈಗುಳ, ಹಸಿವು, ಮೈತುಂಬ ಕಾಯಿಲೆ ಎಲ್ಲವೂ ಇವೆ. ಬರವಣಿಗೆಯಲ್ಲಿ ನೋವು ಹಸಿಯಾಗಿದೆ. ಹೀಗಿರುವಾಗ ಅವರು ಈ ನೆಲವನ್ನೇ ಶಪಿಸಿದ್ದರೆ ಯಾರು ತಪ್ಪೆನ್ನುತ್ತಿದ್ದರು?

ಆದರೆ ಅವರು ಲ್ಯಾಟಿನ್‌ನಲ್ಲಿ ಬರೆದ 'ಮಿರಾಬಿಲಿಯಾ' ಎಂಬ ಪುಟ್ಟ ಪುಸ್ತಕ ನೋಡಿ. ಇಲ್ಲಿಯ ಜನ ಊಟದಲ್ಲಿ ಶುಚಿ, ಮಾತಿನಲ್ಲಿ ಸತ್ಯ, ನ್ಯಾಯದಲ್ಲಿ ಕಟ್ಟುನಿಟ್ಟು ಎಂದು ಅದರಲ್ಲಿ ಬರೆದಿದ್ದಾರೆ. ಒಂದೇ ಹಣ್ಣು ಐವರಿಗೆ ಸಾಕಾಗುವ ಹಲಸು, ಮಾವಿನ ಸಿಹಿ, ತೆಂಗಿನ ಉಪಯೋಗ, ಕಬ್ಬಿಣದ ಮೊಳೆಯಿಲ್ಲದೆ ದಾರದಿಂದ ಹೊಲಿದ ಹಡಗು: ಕರಾವಳಿಯ ನಮ್ಮವರು ಓದಿದರೆ ಊರನ್ನೇ ಕಂಡಂತಾಗುತ್ತದೆ. ತಾನು ಹೋಗದ ನಾಡಿನ ಸಂಗತಿ ಬಂದಾಗ, ಇದು ಕಂಡದ್ದಲ್ಲ, ನಂಬಿಕಸ್ಥರಿಂದ ಕೇಳಿದ್ದು ಎಂದು ಬಿಡಿಸಿ ಹೇಳುತ್ತಾರೆ. ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಇಲ್ಲಿ. ಸ್ವಂತ ದುಃಖಕ್ಕೆ ಒಂದು ಜನಸಮುದಾಯವನ್ನೇ ಹೊಣೆ ಮಾಡುವುದು ಎಷ್ಟು ಸುಲಭ! ಅವರು ಅದನ್ನು ಮಾಡಲಿಲ್ಲ.

ಮುಂದೆ ಪೋಪ್ ಅವರಿಗೆ ದೊಡ್ಡ ಹೊಣೆ ವಹಿಸಿದರು. ಆಗ ಪೋಪ್ ಇದ್ದದ್ದು ರೋಮಿನಲ್ಲಲ್ಲ, ಇಂದಿನ ಫ್ರಾನ್ಸಿನ ಅವಿನ್ಯೋನ್‌ನಲ್ಲಿ. ಪೋಪ್ ಇಪ್ಪತ್ತೆರಡನೆಯ ಜಾನ್ 1329ರ ಆಗಸ್ಟ್‌ನಲ್ಲಿ ಜೋರ್ಡಾನಸ್ ಅವರನ್ನು ಕೊಲ್ಲಂನ ಮೊದಲ ಬಿಷಪ್ ಆಗಿ ನೇಮಿಸಿದರು. ಅಲ್ಲಿಯ ಕ್ರೈಸ್ತರಿಗೆ ಪತ್ರ ಕೊಟ್ಟರು. ಪರ್ಷಿಯಾದ ಸುಲ್ತಾನಿಯಾದ ಆರ್ಚ್‌ಬಿಷಪ್‌ಗೆ ಸಲ್ಲಬೇಕಾದ ಪದವಿಯ ಉತ್ತರೀಯವನ್ನೂ ಇವರ ಕೈಯಲ್ಲೇ ಕಳಿಸಿದರು. ಸಾಮ್ರಾಜ್ಯಗಳ ನಡುವೆ ಓಡಾಡುವ ದೂತನಿಗೆ ಕಂಡದ್ದನ್ನು ಕಂಡಂತೆ ಹೇಳುವ ನಾಲಿಗೆಗಿಂತ ದೊಡ್ಡ ಅರ್ಹತೆ ಬೇಕೇ?

ಹೆನ್ರಿ ಯೂಲ್ 1863ರಲ್ಲಿ ಜೋರ್ಡಾನಸ್ ಅವರ ಪುಸ್ತಕವನ್ನು ಇಂಗ್ಲಿಷಿಗೆ ತಂದರು. ಠಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡ ಬಂಧುಗಳೇ, ನಿಮ್ಮ ಸಂಘದ ಗ್ರಂಥಾಲಯಕ್ಕೆ ಅದನ್ನು ತರಿಸಿರಿ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅದರ ನಾಲ್ಕು ಪುಟವನ್ನಾದರೂ ಕನ್ನಡದಲ್ಲಿ ಓದಿ ಹೇಳಿರಿ.