ಸಂಘದ ಗಾಡಿ: ಗ್ಯಾಸೋ, ಡೀಸೆಲೋ?

(ಬೆಳ್ಳಿಹಬ್ಬದ ವರ್ಷದ ಸರ್ವಸದಸ್ಯರ ಸಭೆಯಲ್ಲಿ ನಿರ್ದೇಶಕ ಮಂಡಳಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ಸಭೆ ಎಂದ ಮೇಲೆ ನಡೆದು ಬಂದ ದಾರಿಯನ್ನು ಹೊಗಳುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾತಾಡುವವರು ಈಗಾಗಲೇ ಮಾಡಿದ್ದಾರೆ. ನಮಗೆ ಒಪ್ಪಿಸಿರುವುದು ಮುಂದಿನ ದಾರಿಯ ವಿಷಯ. ಈ ವರ್ಷದ ನೆನಪಿಗೆ ಸಂಘದ ಹೆಸರಿನಲ್ಲಿ ಒಂದು ಪಿಕಪ್ ಗಾಡಿ ಕೊಳ್ಳಬೇಕೆಂದು ಮಂಡಳಿ ತೀರ್ಮಾನ ಮಾಡಿರುವುದು ತಮಗೆಲ್ಲ ಗೊತ್ತು. ಗಾಡಿ ಬೇಕು ಎನ್ನುವುದರಲ್ಲಿ ತಕರಾರಿಲ್ಲ. ಗ್ಯಾಸಿನದೋ, ಡೀಸೆಲಿನದೋ ಎನ್ನುವುದರಲ್ಲಿ ಮಾತ್ರ ಮೂರು ಸಭೆ ಕಳೆದರೂ ಒಮ್ಮತ ಬರಲಿಲ್ಲ. ನಾವು ಮೆಕ್ಯಾನಿಕ್ಕೂ ಅಲ್ಲ, ಇಂಜಿನಿಯರೂ ಅಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವರು. ಆದರೆ ಬಾಡಿಗೆ ಕೊಟ್ಟು ಕೊಟ್ಟು ಲೆಕ್ಕ ಕಲಿತಿದ್ದೇವೆ. ಆ ಲೆಕ್ಕವನ್ನು ತಮ್ಮ ಮುಂದೆ ಇಡುತ್ತೇವೆ.

ನಮ್ಮ ಹಿರಿಯರು ಎತ್ತು ಕೊಳ್ಳಲು ಹೋದಾಗ ಹೇಗೆ ನೋಡುತ್ತಿದ್ದರು ನೆನಪು ಮಾಡಿಕೊಳ್ಳಿ. ಹಲ್ಲು ನೋಡುವರು, ಸುಳಿ ನೋಡುವರು, ಗೊರಸು ನೋಡುವರು, ನಾಲ್ಕು ಹೆಜ್ಜೆ ನಡೆಸಿ ನೋಡುವರು. ಅದಕ್ಕೂ ಮೊದಲು ಒಂದು ಮಾತು ಕೇಳುವರು: 'ಯಾವ ಕೆಲಸಕ್ಕಪ್ಪಾ?' ಉಳುವ ಎತ್ತು ಬೇರೆ, ಬಂಡಿ ಎಳೆಯುವ ಎತ್ತು ಬೇರೆ. ನಮ್ಮ ಅಜ್ಜಂಪುರದಲ್ಲೇ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಆ ತಳಿ ಹೈದರಾಲಿ, ಟಿಪ್ಪು ಕಾಲದಲ್ಲಿ ಸೈನ್ಯದ ಫಿರಂಗಿ, ಸಾಮಾನು ಎಳೆದು ಹೆಸರಾಯಿತು. ದೂರದ ನಡಿಗೆಗೆ ಅದಕ್ಕೆ ಸಾಟಿ ಇಲ್ಲ. ಹಾಗೆಂದು ಹಾಲಿಗೆ ಅಮೃತಮಹಲ್ ಹಸು ಕಟ್ಟುವವರು ಯಾರು? ಅಂತರಘಟ್ಟೆ ಜಾತ್ರೆಗೆ ಬಂಡಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿಯ ವಿಷಯದಲ್ಲಿ ಮಾತ್ರ ನಾವು ಆ ಮೊದಲ ಪ್ರಶ್ನೆ ಮರೆತುಬಿಟ್ಟಿದ್ದೇವೆ. ಪಕ್ಕದ ಮನೆಯವನು ಯಾವುದು ತಂದ ಅಂತ ನೋಡಿ ನಾವೂ ಅದನ್ನೇ ತರುತ್ತೇವೆ.

ನಮ್ಮ ಕೆಲಸ ಏನು? ಕಡೂರು ಕಡೆ ತೆಂಗು, ಅಜ್ಜಂಪುರ ಕಡೆ ಈರುಳ್ಳಿ, ತರೀಕೆರೆ ಕಡೆ ಅಡಿಕೆ. ತೆಂಗಿನಕಾಯಿ, ಕೊಬ್ಬರಿ ಅರಸೀಕೆರೆ, ತಿಪಟೂರಿಗೆ ಹೋಗಬೇಕು. ಅಡಿಕೆ ಶಿವಮೊಗ್ಗಕ್ಕೆ ಹೋಗಬೇಕು. ಈರುಳ್ಳಿ ಬೆಂಗಳೂರಿನ ಯಶವಂತಪುರಕ್ಕೆ ಹೋಗಬೇಕು, ಅದೂ ಬೆಳಗಿನ ಹರಾಜಿಗೆ ಮುಂಚೆ. ಬರುವಾಗ ಗೊಬ್ಬರ, ಹಿಂಡಿ, ಬೂಸಾ. ಬಿ.ಎಚ್. ರಸ್ತೆ ಹಿಡಿದರೆ ಚಿಂತೆಯಿಲ್ಲ. ಆದರೆ ಆ ರಸ್ತೆ ಸೇರುವ ತನಕ ಹೊಲದ ದಾರಿ ಇದೆಯಲ್ಲ, ಮಳೆಗಾಲದಲ್ಲಿ ಕಪ್ಪು ಮಣ್ಣು ಚಕ್ರ ಹಿಡಿದರೆ ಬಿಡುವುದಿಲ್ಲ. ಲಿಂಗದಹಳ್ಳಿ, ಕಲ್ಲತ್ತಿ ಕಡೆ ತೋಟ ಇರುವವರಿಗೆ ಏರು ಬೇರೆ.

ಈಗ ಎರಡು ಇಂಜಿನ್ನಿಗೂ ಇರುವ ವ್ಯತ್ಯಾಸ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಬಿಸಿ ಹುಟ್ಟುತ್ತದೆ. ಡೀಸೆಲ್ ಇಂಜಿನ್ನಿನ ಗುಟ್ಟು ಇಷ್ಟೇ. ಸಿಲಿಂಡರಿನ ಒಳಗೆ ಗಾಳಿಯನ್ನು ಹದಿನಾರು, ಹದಿನೆಂಟು ಪಾಲಿಗೆ ಒಂದು ಪಾಲಾಗುವಂತೆ ಒತ್ತಿ, ಆ ಬೆಂಕಿಯಂಥ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಪೆಟ್ರೋಲಿನಲ್ಲೂ ಗ್ಯಾಸಿನಲ್ಲೂ ಅಷ್ಟು ಒತ್ತುವುದಿಲ್ಲ, ಪ್ಲಗ್ಗು ಕಿಡಿ ಕೊಟ್ಟು ಹತ್ತಿಸಬೇಕು. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬುವರು 1897ರಲ್ಲಿ ಈ ಇಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದರು. 1900ರ ಪ್ಯಾರಿಸ್ ವಸ್ತು ಪ್ರದರ್ಶನದಲ್ಲಿ ಇಂಥ ಒಂದು ಇಂಜಿನ್ ಕಡಲೆಕಾಯಿ ಎಣ್ಣೆಯಿಂದಲೇ ಓಡಿತಂತೆ.

ಹೆಚ್ಚು ಒತ್ತುವುದರಿಂದ ಡೀಸೆಲ್ ಇಂಜಿನ್ ಭಾರವಾಗಿರುತ್ತದೆ, ಗಟ್ಟಿಯಾಗಿರುತ್ತದೆ, ಬೆಲೆಯೂ ಜಾಸ್ತಿ. ಆದರೆ ಕಡಿಮೆ ಸುತ್ತಿನಲ್ಲೇ ಎಳೆತ ಬರುತ್ತದೆ. ಲೀಟರಿಗೆ ಲೀಟರು ಹೋಲಿಸಿದರೆ ಡೀಸೆಲಿನಲ್ಲಿ ಪೆಟ್ರೋಲಿಗಿಂತ ನೂರಕ್ಕೆ ಹತ್ತರಷ್ಟು ಶಕ್ತಿ ಹೆಚ್ಚು. ಹಳೇ ಕಿರ್ಲೋಸ್ಕರ್ ಇಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದವರಿಗೆ ಅದರ ತಾಕತ್ತು ಗೊತ್ತು. ಮೆಲ್ಲಗೆ 'ಡುಗು ಡುಗು' ಅನ್ನುತ್ತಲೇ ಇಡೀ ತೋಟಕ್ಕೆ ನೀರು ಹಾಯಿಸುತ್ತಿತ್ತು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಾಯಿಸುವ ಸಣ್ಣ ಪಂಪ್‌ಸೆಟ್ಟೂ ನಮ್ಮಲ್ಲಿತ್ತು. ಹಗುರ, ಒಬ್ಬನೇ ಹೊತ್ತುಕೊಂಡು ಹೋಗಬಹುದು. ಆದರೆ ಆಳದ ಬಾವಿಗೆ ಉಸಿರು ಬಿಡುತ್ತಿತ್ತು. ಎರಡರಲ್ಲಿ ಯಾವುದೂ ಕೆಟ್ಟದ್ದಲ್ಲ. ಬಾವಿ ನೋಡಿ ಪಂಪು ತರಬೇಕಿತ್ತು, ಅಷ್ಟೆ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಸಾಮಾನು ಗಾಡಿ ಎಂದರೆ ಡೀಸೆಲ್. 2005ರಲ್ಲಿ ಟಾಟಾ ಏಸ್ ಬಂದಾಗ ಆ ಪುಟ್ಟ ಗಾಡಿಗೂ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್ನೇ ಇತ್ತು. ಸರ್ಕಾರ ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿತ್ತು. 2014ರ ಅಕ್ಟೋಬರಿನಲ್ಲಿ ಆ ಹಿಡಿತ ಬಿಟ್ಟ ಮೇಲೆ ಪೆಟ್ರೋಲಿಗೂ ಡೀಸೆಲಿಗೂ ಇದ್ದ ಅಂತರ ಕುಗ್ಗಿತು. 2020ರ ಏಪ್ರಿಲ್ ಒಂದರಿಂದ ಬಿ.ಎಸ್. 6 ನಿಯಮ ಬಂದು ಡೀಸೆಲ್ ಗಾಡಿಗೆ ಹೊಗೆ ಸೋಸುವ ಸಲಕರಣೆಗಳು ಸೇರಿ ಬೆಲೆ ಏರಿತು. ಇತ್ತ 2013ರಲ್ಲಿ ದಾಭೋಳದಿಂದ ಬೆಂಗಳೂರಿಗೆ ಗ್ಯಾಸ್ ಕೊಳವೆ ಬಂತು. ಹಾಗಾಗಿ ಬೆಂಗಳೂರಿನಲ್ಲಿ ಕಂಡ ಸಿ.ಎನ್.ಜಿ. ಗಾಡಿ ಈಗ ನಮ್ಮ ಸಂತೆಗಳಲ್ಲೂ ಕಾಣುತ್ತಿದೆ.

ಈಗ ನಡೆದ ಎರಡು ಸಂಗತಿ ಹೇಳಬೇಕು. ಹೆಸರು ಬೇಡ, ಇಬ್ಬರೂ ನಮ್ಮವರೇ.

ಒಬ್ಬ ಹುಡುಗ, ನಮ್ಮ ಸದಸ್ಯರ ಮಗ, ಸಾಲ ಮಾಡಿ ಗ್ಯಾಸ್ ಪಿಕಪ್ ತಂದ. ಸಾಲಕ್ಕೆ ನಾವೇ ಜಾಮೀನು. ಮಾರಿದವರು ಮೈಲೇಜ್ ಹೇಳಿದರು, ಹೊರೆ ಎಷ್ಟು ಅಂತ ಇವನು ಕೇಳಲಿಲ್ಲ, ನಾವೂ ಕೇಳಲಿಲ್ಲ. ಈರುಳ್ಳಿ ಕಾಲ. ತುಂಬಾ ಚೀಲ ಹೇರಿ ರಾತ್ರಿ ಹೊರಟ. ದಾರಿಯ ಬಂಕಿನಲ್ಲಿ ಗ್ಯಾಸಿನ ಲಾರಿ ಬಂದಿಲ್ಲ ಅಂದರು. ಮುಂದಿನ ಬಂಕಿನಲ್ಲಿ ಗಾಡಿಗಳ ಸಾಲು, ಒತ್ತಡ ಕಡಿಮೆ, ಸಿಲಿಂಡರು ಅರ್ಧವೂ ತುಂಬಲಿಲ್ಲ. ತುರ್ತಿಗೆಂದು ಇದ್ದ ಪೆಟ್ರೋಲ್ ಟ್ಯಾಂಕು ಚಿಕ್ಕದು. ಯಶವಂತಪುರ ಸೇರುವಾಗ ಹರಾಜು ಮುಗಿದಿತ್ತು. ಮೇಲೆ ಮಳೆ. ಮಾರನೆಯ ದಿನ ಒದ್ದೆ ಈರುಳ್ಳಿಗೆ ಕೇಳಿದ ಬೆಲೆ ಬಾಡಿಗೆಗೂ ಸಾಲಲಿಲ್ಲ. ರೈತರು ಮುಂದಿನ ಸಲ ಅವನ ಗಾಡಿ ಕರೆಯಲಿಲ್ಲ. ಮೂರು ಕಂತು ನಿಂತಿತು. ಕೊನೆಗೆ ಅವನ ತಾಯಿ ಓಲೆ, ಬಳೆ ಅಡವಿಟ್ಟರು. ಆ ತಾಯಿ ಇಲ್ಲೇ ಸಭೆಯಲ್ಲಿದ್ದಾರೆ. 'ನೀವಾದ್ರೂ ಹೇಳಬಾರದಿತ್ತಾ?' ಅಂತ ಅವರು ನಮ್ಮನ್ನು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಜಾಮೀನಿಗೆ ಸಹಿ ಹಾಕಿದ ಕೈ ಒಂದು ಲೆಕ್ಕ ಹಾಕಿ ಕೊಡಲಿಲ್ಲವಲ್ಲ ಎಂಬ ನೋವು ನಮಗಿದೆ.

ಹಾಗಂತ ಡೀಸೆಲೇ ಸೈ ಅನ್ನಬೇಡಿ. ಇನ್ನೊಬ್ಬರು ಹೊಸ ಡೀಸೆಲ್ ಪಿಕಪ್ ತಂದರು. ಅವರ ಕೆಲಸ ಬೆಳಿಗ್ಗೆ ಹಾಲಿನ ಕ್ಯಾನು, ಆಮೇಲೆ ಕಡೂರು, ಬೀರೂರು ಅಂಗಡಿಗಳಿಗೆ ತರಕಾರಿ. ಎರಡು ಮೈಲಿ ಹೋಗು, ನಿಲ್ಲಿಸು, ಮತ್ತೆ ಹೊರಡು. ವರ್ಷ ತುಂಬುವ ಮುಂಚೆ ಮೀಟರಿನಲ್ಲಿ ದೀಪ ಹತ್ತಿತು, ಗಾಡಿ ಎಳೆಯುವುದನ್ನೇ ಬಿಟ್ಟಿತು. ಹೊಗೆ ಕೊಳವೆಯ ಜಾಲರಿಯಲ್ಲಿ ಮಸಿ ಕಟ್ಟಿಕೊಂಡಿದೆ ಅಂದರು. ಹೊಸ ಡೀಸೆಲ್ ಗಾಡಿಯ ಈ ಜಾಲರಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಇಂಜಿನ್ ಚೆನ್ನಾಗಿ ಕಾದು ಒಂದಷ್ಟು ಹೊತ್ತು ಸತತವಾಗಿ ಓಡಬೇಕು. ನಿಂತು ನಿಂತು ಓಡುವ ಗಾಡಿಗೆ ಆ ಶಾಖವೇ ಸಿಗುವುದಿಲ್ಲ. ನಮ್ಮ ಬೀದಿಯ ಮೆಕ್ಯಾನಿಕ್ಕು ಕೈ ಎತ್ತಿದ, ಕಂಪ್ಯೂಟರ್ ಇರುವಲ್ಲಿಗೇ ಹೋಗಬೇಕಾಯಿತು. ಮೊದಲನೆಯವನಿಗೆ ಡೀಸೆಲ್ ಬೇಕಿತ್ತು, ಎರಡನೆಯವರಿಗೆ ಗ್ಯಾಸ್ ಸಾಕಿತ್ತು. ಅದಲುಬದಲಾಯಿತು.

ಈಗ ದುಡ್ಡಿನ ಲೆಕ್ಕ. 2025ರ ಏಪ್ರಿಲಿನಲ್ಲಿ ರಾಜ್ಯದ ತೆರಿಗೆ ಏರಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ 91 ರೂಪಾಯಿ ಆಯಿತು. ಅದನ್ನೇ ಹಿಡಿಯೋಣ. ಗ್ಯಾಸು ಲೀಟರಿನಲ್ಲಲ್ಲ, ಕಿಲೋ ಲೆಕ್ಕದಲ್ಲಿ ಸಿಗುವುದು. ಕಿಲೋಗೆ 88 ರೂಪಾಯಿ ಅಂದುಕೊಳ್ಳೋಣ. ಮೈಲೇಜು, ಬಾಡಿಗೆ ಕೂಡ ಅಂದಾಜಿಗೆ ಹಿಡಿದದ್ದು. ನಿಮ್ಮ ನಿಮ್ಮ ಅಂಕಿ ನೀವು ಹಾಕಿಕೊಳ್ಳಿ.

ಬೆಂಗಳೂರಿಗೆ ಹೋಗಿ ಬರಲು 450 ಕಿಲೋಮೀಟರ್. ಡೀಸೆಲ್ ಗಾಡಿ ಹೊರೆಯಲ್ಲಿ ಲೀಟರಿಗೆ 12 ಕೊಟ್ಟರೆ 37.5 ಲೀಟರ್, ಅಂದರೆ ಸುಮಾರು 3,410 ರೂಪಾಯಿ. ಗ್ಯಾಸ್ ಗಾಡಿ ಕಿಲೋಗೆ 14 ಕೊಟ್ಟರೆ 32 ಕಿಲೋ ಚಿಲ್ಲರೆ, ಸುಮಾರು 2,830 ರೂಪಾಯಿ. ಗ್ಯಾಸಿನಲ್ಲಿ 580 ರೂಪಾಯಿ ಉಳಿತಾಯ. ಆದರೆ ಸಿಲಿಂಡರಿನ ತೂಕ, ಇಂಜಿನ್ನಿನ ಎಳೆತ ಎಲ್ಲ ಸೇರಿ ಗ್ಯಾಸ್ ಗಾಡಿ 300 ಕಿಲೋ ಕಡಿಮೆ ಹೊರುವುದಾದರೆ ಐವತ್ತು ಕಿಲೋದ ಆರು ಚೀಲ ಮನೆಯಲ್ಲೇ ಉಳಿಯಿತು. ಚೀಲಕ್ಕೆ ನೂರು ರೂಪಾಯಿ ಬಾಡಿಗೆ ಅಂದರೆ 600 ಹೋಯಿತು. ಉಳಿಸಿದ್ದೂ ಕಳೆದದ್ದೂ ಸಮ. ಬಂಕಿನ ಕಾಯುವಿಕೆ, ತಪ್ಪಿದ ಹರಾಜು ಲೆಕ್ಕಕ್ಕೇ ಬಂದಿಲ್ಲ.

ಅದೇ ಪೇಟೆಯ ಸುತ್ತಿನ ಕೆಲಸ ನೋಡಿ. ದಿನಕ್ಕೆ 60 ಕಿಲೋಮೀಟರ್, ಅರ್ಧ ಹೊರೆ. ಡೀಸೆಲ್ 5 ಲೀಟರ್, 455 ರೂಪಾಯಿ. ಗ್ಯಾಸ್ ಕಿಲೋಗೆ 15 ಕೊಟ್ಟರೆ 4 ಕಿಲೋ, 352 ರೂಪಾಯಿ. ದಿನಕ್ಕೆ 103, ತಿಂಗಳಿಗೆ 25 ದಿನ ಓಡಿದರೆ 2,575 ರೂಪಾಯಿ ಕೈಯಲ್ಲಿ ಉಳಿಯಿತು. ಹೊರೆ ಹೇಗೂ ಕಡಿಮೆ, ಚೀಲ ಬಿಡುವ ಮಾತಿಲ್ಲ. ಗಾಡಿಯ ಬೆಲೆಯಲ್ಲಿ, ಸರ್ವೀಸಿನಲ್ಲಿ ಬರುವ ವ್ಯತ್ಯಾಸವನ್ನೂ ಕಂತಿನ ವರ್ಷಗಳಿಗೆ ಹಂಚಿ ಕೂಡಿ, ಕಳೆಯಿರಿ. ಉತ್ತರ ತಾನಾಗಿ ಬರುತ್ತದೆ.

ಗ್ಯಾಸ್ ಗಾಡಿ ಕೊಳ್ಳುವವರು ಇನ್ನೆರಡು ಮಾತು ಗಮನದಲ್ಲಿಡಬೇಕು. ಸಿ.ಎನ್.ಜಿ.ಯನ್ನು ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿ ತುಂಬುತ್ತಾರೆ. ಲಾರಿ ಟೈರಿನ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಅದಕ್ಕೇ ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆ ಕಡ್ಡಾಯ. ಪರೀಕ್ಷೆ ಮಾಡಿಸಿದ ಸಿಲಿಂಡರಿಗೆ ಹೆದರಬೇಕಿಲ್ಲ, ಈ ಗ್ಯಾಸು ಗಾಳಿಗಿಂತ ಹಗುರ, ಸೋರಿದರೂ ಬಯಲಲ್ಲಿ ಮೇಲಕ್ಕೆ ಹೋಗುತ್ತದೆ. ಆದರೆ ಅಡುಗೆಮನೆಯ ಸಿಲಿಂಡರನ್ನು ಗಾಡಿಗೆ ಕಟ್ಟುವ ಬುದ್ಧಿವಂತಿಕೆ ಯಾರಿಗೂ ಬೇಡ. ಅದು ಬೇರೆಯೇ ಗ್ಯಾಸು, ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಮಡುಗಟ್ಟುತ್ತದೆ. ಕಾನೂನಿಗೂ ವಿರುದ್ಧ, ಜೀವಕ್ಕೂ ಕುತ್ತು.

ಬ್ಯಾಟರಿ ಗಾಡಿ ಯಾಕೆ ಬೇಡ ಎಂದು ಯುವಕರು ಕೇಳಿದ್ದಾರೆ. ಊರೊಳಗಿನ ಕೆಲಸಕ್ಕೆ ಅದೂ ಬರುವ ಕಾಲವೇ. ಬೆಂಗಳೂರಿನ ಹೊರೆಗೆ ಸಂಘದ ಹಣ ಹಾಕಿ ಪರೀಕ್ಷೆ ಮಾಡುವ ಧೈರ್ಯ ಮಾತ್ರ ನಮಗಿಲ್ಲ.

ಕೊನೆಯದಾಗಿ ಮಂಡಳಿಯ ಸಲಹೆ. ಸಂಘದ ಗಾಡಿ ವರ್ಷದಲ್ಲಿ ಹೆಚ್ಚು ದಿನ ದೂರದ ದಾರಿ, ತುಂಬು ಹೊರೆ, ಹೊಲದ ಕೆಸರು ಕಾಣುವ ಗಾಡಿ. ಆದ್ದರಿಂದ ಡೀಸೆಲ್ ಪಿಕಪ್ ಕೊಳ್ಳುವುದು ಸೂಕ್ತ ಎಂದು ನಮ್ಮ ಅಭಿಪ್ರಾಯ. ಜೊತೆಗೆ ಮೂರು ಕರಾರು. ಒಂದು, ಆರ್.ಸಿ. ಪುಸ್ತಕದಲ್ಲಿ ಬರೆದ ತೂಕಕ್ಕಿಂತ ಒಂದು ಚೀಲವೂ ಹೆಚ್ಚು ಹೇರಕೂಡದು, ಅದು ನಿರ್ದೇಶಕರ ಚೀಲವಾದರೂ ಸರಿ. ಎರಡು, ಜಾತ್ರೆಗೂ ಮದುವೆಗೂ ಹಿಂದೆ ಜನ ತುಂಬಕೂಡದು. ಅದು ಸಾಮಾನು ಗಾಡಿ, ಅಪಘಾತವಾದರೆ ವಿಮೆಯೂ ಕೈಬಿಡಬಹುದು, ಹೋದ ಜೀವವೂ ಬಾರದು. ಮೂರು, ಎಷ್ಟು ಓಡಿತು, ಎಷ್ಟು ಎಣ್ಣೆ ಕುಡಿಯಿತು ಎಂಬ ಪುಸ್ತಕ ಸಂಘದ ಕಚೇರಿಯಲ್ಲಿ ಮೇಜಿನ ಮೇಲೆ ಇರಬೇಕು, ಯಾವ ಸದಸ್ಯರು ಬೇಕಾದರೂ ತೆರೆದು ನೋಡಬಹುದು.

ಇನ್ನೊಂದು ವಿನಂತಿ. ಇನ್ನು ಮುಂದೆ ನಮ್ಮ ಸದಸ್ಯರ ಮಕ್ಕಳು ಯಾರೇ ಸಾಲದಲ್ಲಿ ಗಾಡಿ ತರುವ ಮುಂಚೆ ಒಂದು ಸಂಜೆ ಸಂಘದ ಕಚೇರಿಗೆ ಬರಲಿ. ಹೊರೆ ಎಷ್ಟು, ದೂರ ಎಷ್ಟು, ದಾರಿ ಯಾವುದು, ಬಂಕು ಎಲ್ಲಿ, ರಿಪೇರಿ ಮಾಡುವವರು ಎಲ್ಲಿ – ಈ ಐದು ಪ್ರಶ್ನೆಗೆ ಉತ್ತರ ಬರೆದು ಕೂಡಿ ನೋಡೋಣ. ಆಮೇಲೆ ಜಾಮೀನಿಗೆ ಸಹಿ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಕಷ್ಟ ಒಬ್ಬನ ಹೆಗಲ ಮೇಲೇ ಬೀಳಬಾರದು ಎಂದೇ ಅಲ್ಲವೇ? ಸಾಲ ಕೊಡುವುದರ ಜೊತೆಗೆ ಲೆಕ್ಕ ಹೇಳಿಕೊಡುವುದೂ ಸಂಘದ ಕೆಲಸವೇ. ಆ ತಾಯಿ ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇದು, ತಡವಾಗಿ ಬಂದಿದೆ, ಕ್ಷಮಿಸಬೇಕು.

ತಮ್ಮ ಒಪ್ಪಿಗೆ ಕೋರುತ್ತೇವೆ.

ಜೈ ಕರ್ನಾಟಕ, ಜೈ ಸಹಕಾರ.